ಪೇಟಿ, ಲಗಾಯಿ, ಖಾಯಿ, ರಿಕವರಿ: ಸೋಲಿಗೆ ಇಟ್ಟ ಬೇರೆ ಬೇರೆ ಹೆಸರು

ಭಾಗ 1/10

ಮೊದಲು ಒಂದು ಸಣ್ಣ ಪರೀಕ್ಷೆ. ಈ ಮಾತು ಓದಿ.

"ಆರ್‌ಸಿಬಿ ಫಾರ್ಟಿಫೈವ್-ಫಾರ್ಟಿಸೆವೆನ್ ಐತಿ. ನಾ ಹತ್ತು ಲಗಾಯಿ ಮಾಡೇನಿ. ಆರ್ ಓವರ್ ಸೆಷನ್‌ದಾಗ ಐದು ಹೋದ್ವು. ರಿಕವರಿ ಮಾಡಬೇಕು, ಐಡಿಗೆ ಪಾಯಿಂಟ್ ಹಾಕ್ಸು."

ಎಷ್ಟು ಅರ್ಥ ಆಯ್ತು? ಪೂರ್ತಿ ಅರ್ಥ ಆಗಿದ್ರೆ ಈ ಸರಣಿ ನಿಮಗೆ. ಒಂದು ಪದಾನೂ ಅರ್ಥ ಆಗ್ಲಿಲ್ಲ ಅಂದ್ರೂ ನಿಮಗೇ. ಯಾಕಂದ್ರೆ ನಿಮ್ಮ ಪಕ್ಕದ ಬೆಂಚಲ್ಲಿ, ಪಕ್ಕದ ರೂಮಲ್ಲಿ ಈ ಭಾಷೆ ಮಾತಾಡೋರು ಇದ್ದೇ ಇರ್ತಾರೆ.

ಈ ಮಾತಲ್ಲಿ "ದುಡ್ಡು" ಅನ್ನೋ ಪದ ಎಲ್ಲೂ ಇಲ್ಲ, ನೋಡಿದ್ರಾ? "ರೂಪಾಯಿ" ಇಲ್ಲ, "ಸಾವಿರ" ಇಲ್ಲ, "ಸೋತೆ" ಇಲ್ಲ, "ಸಾಲ" ಅಂತೂ ಇಲ್ಲವೇ ಇಲ್ಲ. ಆದ್ರೆ ಇಡೀ ಮಾತು ಅದರ ಬಗ್ಗೇನೇ. "ಹತ್ತು" ಅಂದ್ರೆ ಹತ್ತು ಸಾವಿರ, "ಐದು ಹೋದ್ವು" ಅಂದ್ರೆ ಐದು ಸಾವಿರ ಸೋತೆ, "ಪಾಯಿಂಟ್ ಹಾಕ್ಸು" ಅಂದ್ರೆ ನನಗೆ ಸಾಲ ಕೊಡು.

ನಾನು ಕನ್ನಡ ಮೇಜರ್ ತಗೊಂಡಿರೋ ಹುಡುಗಿ. ಪದ ಹಿಡಿದು ಎಳೆಯೋದು ನನ್ನ ಚಾಳಿ. ಈ ಸಲ ಜೂಜಿನ ಪದಗಳನ್ನ ಹಿಡಿದಿದ್ದೀನಿ. ಅದಕ್ಕೆ ಒಂದು ಕಾರಣ ಇದೆ, ಅದನ್ನ ಎಂಟನೇ ಭಾಗದಲ್ಲಿ ಹೇಳ್ತೀನಿ. ಸೇವ್ ಮಾಡಿ ಇಟ್ಕೊಳ್ಳಿ, ಒಂದೊಂದಾಗಿ ಓದಿ.

ಭಾಗ 2/10
(ಫೋಟೋ: ಅಜ್ಜನ ಅಂಗಿ ಜೇಬಿನ ಸಣ್ಣ ಪುಸ್ತಕ)

ಶುರು ಮಾಡೋಣ ಹಳೇದರಿಂದ. ಪದ: ಓಸಿ.

ನಮ್ಮ ಪೇಪರ್‌ಗಳಲ್ಲಿ ವಾರಕ್ಕೊಮ್ಮೆಯಾದ್ರೂ ಬರುತ್ತೆ: "ಓ.ಸಿ. ಮಟ್ಕಾ, ಒಬ್ಬನ ಬಂಧನ." ಓಸಿ ಅಂದ್ರೆ ಏನು ಅಂತ ಕ್ಲಾಸಲ್ಲಿ ಕೇಳಿದೆ. ಒಬ್ಬ "ಆಫೀಸ್ ಕಾಪಿ" ಅಂದ, ಇನ್ನೊಬ್ಬಳು "ಓಸಿ, ಅಂದ್ರೆ ಪುಕ್ಕಟೆ" ಅಂದ್ಲು. ಎರಡೂ ಅಲ್ಲ. ಓಪನ್-ಕ್ಲೋಸ್.

ಯಾವುದರ ಓಪನ್, ಯಾವುದರ ಕ್ಲೋಸ್? ಹತ್ತಿ ರೇಟಿನದು. ಮೊದಲು ಬಾಂಬೆಯಲ್ಲಿ ಜನ ನ್ಯೂಯಾರ್ಕ್ ಕಾಟನ್ ಎಕ್ಸ್‌ಚೇಂಜ್‌ನಿಂದ ಬರ್ತಿದ್ದ ಹತ್ತಿಯ ಆರಂಭದ ದರ, ಮುಕ್ತಾಯದ ದರ ಇವುಗಳ ಮೇಲೆ ಬಾಜಿ ಕಟ್ತಿದ್ರು. 1961ರಲ್ಲಿ ಅಲ್ಲಿಂದ ದರ ಬರೋದು ನಿಂತುಹೋಯ್ತು. ಹತ್ತಿ ಹೋಯ್ತು, ಚಟ ಉಳೀತು. 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿ ಮಟ್ಕಾ ಶುರು ಮಾಡಿದ, 1964ರಲ್ಲಿ ರತನ್ ಖತ್ರಿ ನ್ಯೂ ವರ್ಲಿ ಮಟ್ಕಾ ಶುರು ಮಾಡಿದ. ನಂಬರ್ ಬರೆದ ಚೀಟಿಗಳನ್ನ ಮಣ್ಣಿನ ಗಡಿಗೆಯಲ್ಲಿ ಹಾಕಿ ಎತ್ತೋ ಪದ್ಧತಿಯಿಂದ "ಮಟ್ಕಾ" ಅನ್ನೋ ಹೆಸರು ಬಂತು. ಆಮೇಲೆ ಗಡಿಗೆ ಹೋಗಿ ಇಸ್ಪೀಟ್ ಎಲೆ ಬಂದ್ರೂ ಹೆಸರು ಹಾಗೇ ಉಳೀತು. ಆಡ್ತಿದ್ದೋರಲ್ಲಿ ಬಹಳ ಜನ ಬಾಂಬೆಯ ಬಟ್ಟೆ ಗಿರಣಿ ಕಾರ್ಮಿಕರು. ಹಗಲೆಲ್ಲಾ ಹತ್ತಿ ಜತೆ ದುಡಿದು, ಸಂಜೆ ಹತ್ತಿ ಹೆಸರಲ್ಲಿ ಹುಟ್ಟಿದ ಆಟಕ್ಕೆ ಕೂಲಿ ಕಟ್ಟೋರು.

ಫೋಟೋದಲ್ಲಿರೋ ಪುಸ್ತಕ ನಮ್ಮ ಅಜ್ಜನದು. ಅವರು ಹುಬ್ಬಳ್ಳಿ ಹತ್ತಿ ಮಾರ್ಕೆಟ್‌ನಲ್ಲಿ ಹಮಾಲರಾಗಿದ್ರು. ಅಂಡಗಿ ಹೊರೋರು. ಪುಸ್ತಕದ ತುಂಬ ಎರಡೆರಡು ಅಂಕಿ: 72, 38, 05. ನಾನು ಸಣ್ಣಾಕಿ ಇದ್ದಾಗ ಅದನ್ನ ಬಸ್ ನಂಬರ್ ಅಂದ್ಕೊಂಡಿದ್ದೆ.

ಭಾಗ 3/10

ಆ 72 ಹೆಂಗೆ ಬರುತ್ತೆ, ನೋಡಿ.

ಸೊನ್ನೆಯಿಂದ ಒಂಬತ್ತರವರೆಗಿನ ಮೂರು ಅಂಕಿ ಎತ್ತುತ್ತಾರೆ. ಉದಾಹರಣೆಗೆ 3, 6, 8. ಕೂಡಿಸಿದ್ರೆ 17. ಕೊನೆ ಅಂಕಿ 7. ಇದೇ ಓಪನ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು: 1, 2, 9. ಕೂಡಿಸಿದ್ರೆ 12. ಕೊನೆ ಅಂಕಿ 2. ಇದು ಕ್ಲೋಸ್. ಎರಡೂ ಸೇರಿದ್ರೆ 72, ಇದಕ್ಕೆ "ಜೋಡಿ" ಅಂತಾರೆ. ಒಂದೇ ಅಂಕಿಗೆ ಕಟ್ಟಿದ್ರೆ "ಸಿಂಗಲ್". 368 ಅನ್ನೋ ಮೂರು ಅಂಕಿಯ ಗುಂಪಿಗೆ "ಪಟ್ಟಿ" ಅಥವಾ "ಪಾನಾ". ಮೂರೂ ಬೇರೆ ಬೇರೆ ಇದ್ರೆ ಸಿಂಗಲ್ ಪಟ್ಟಿ, ಎರಡು ಒಂದೇ ಇದ್ರೆ ಡಬಲ್ ಪಟ್ಟಿ, ಮೂರೂ ಒಂದೇ ಇದ್ರೆ ಟ್ರಿಪಲ್. ಒಟ್ಟು 220 ಪಟ್ಟಿ ಇವೆ: 120 ಸಿಂಗಲ್, 90 ಡಬಲ್, 10 ಟ್ರಿಪಲ್. ಗಣಿತದೋರು ಕೂಡಿಸಿ ನೋಡಿ.

ಈಗ ಮುಖ್ಯ ವಿಷಯ. ಸಿಂಗಲ್‌ಗೆ ಸಾಮಾನ್ಯವಾಗಿ ಕೊಡೋ ದರ "ಒಂದಕ್ಕೆ ಒಂಬತ್ತು", ಜೋಡಿಗೆ "ಒಂದಕ್ಕೆ ತೊಂಬತ್ತು". ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಹತ್ತು ರೂಪಾಯಿಗೆ ಒಂಬೈನೂರು! ಆದ್ರೆ ಅಂಕಿ ಇರೋದು ಹತ್ತು, ಜೋಡಿ ಇರೋದು ನೂರು. ಹತ್ತು ಅಂಕಿಗೂ ಒಂದೊಂದು ರೂಪಾಯಿ ಕಟ್ಟಿದ್ರೆ ಹತ್ತು ಹೋಗುತ್ತೆ, ಒಂಬತ್ತು ಬರುತ್ತೆ. ನೂರು ಜೋಡಿಗೂ ಕಟ್ಟಿದ್ರೆ ನೂರು ಹೋಗುತ್ತೆ, ತೊಂಬತ್ತು ಬರುತ್ತೆ. ಯಾವ ಅಂಕಿ ಬಿದ್ರೂ ನೂರಕ್ಕೆ ಹತ್ತು ರೂಪಾಯಿ ಕೂತ ಜಾಗದಲ್ಲೇ ಕುಳಕ್ಕೆ. ಆಟದಲ್ಲಿ ಮೋಸ ಇಲ್ಲ ಅಂತಲೇ ಇಟ್ಕೊಂಡು ಹಾಕಿದ ಲೆಕ್ಕ ಇದು.

ನಮ್ಮ ಅಜ್ಜಿಗೆ ಈ ಪರ್ಸೆಂಟೇಜ್ ಗೊತ್ತಿರಲಿಲ್ಲ. ಆದ್ರೆ ಅವರು ಒಂದು ಮಾತು ಹೇಳೋರು: "ನಂಬರ ಹತ್ತಿದ್ದನ್ನ ಊರಿಗೆಲ್ಲಾ ಹೇಳ್ತಾರವ್ವಾ. ಹೋಗಿದ್ದನ್ನ ಹೆಂಡ್ತಿಗೂ ಹೇಳಂಗಿಲ್ಲ."

ಈ ಸರಣಿಯ ಉಳಿದ ಏಳು ಭಾಗ ಅಜ್ಜಿಯ ಆ ಎರಡು ವಾಕ್ಯಕ್ಕೆ ಬರೆದ ಟಿಪ್ಪಣಿ ಅಂದ್ಕೊಳ್ಳಿ.

ಭಾಗ 4/10
(ಫೋಟೋ: ಪೇಪರ್ ಕಟಿಂಗ್, ಹೆಸರುಗಳನ್ನ ಮುಚ್ಚಿದ್ದೀನಿ)

ಜೂಜಿಗೆ ಎರಡು ಭಾಷೆ. ಒಂದು ಆಡೋರದು, ಇನ್ನೊಂದು ಹಿಡಿಯೋರದು.

ಆಡೋರು "ಎಲಿ ಆಡೋಣು ಬಾ" ಅಂತಾರೆ. ಹಿಡಿಯೋರು "ಸಾರ್ವಜನಿಕ ಸ್ಥಳದಲ್ಲಿ ಅಂದರ್-ಬಾಹರ್ ಎಂಬ ಅದೃಷ್ಟದ ಜೂಜಾಟ" ಅಂತ ಬರೀತಾರೆ. ಆಮೇಲೆ ಸಾಲಾಗಿ: 52 ಇಸ್ಪೀಟ್ ಎಲೆ, ಒಂದು ಹಳೇ ಪ್ಲಾಸ್ಟಿಕ್ ಚೀಲ ಅಥವಾ ಬರಕಾ, ನಗದು ಇಷ್ಟು, ಬೈಕ್ ಇಷ್ಟು. ಕರ್ನಾಟಕ ಪೊಲೀಸ್ ಕಾಯ್ದೆ 1963. ಓಸಿ ಚೀಟಿ ಬರೆದ್ರೆ ಕಲಂ 78(3), ಬಯಲಲ್ಲಿ ಎಲೆ ಆಡಿದ್ರೆ ಕಲಂ 87. ಪೇಪರ್ ಓದೋರಿಗೆ ಈ ಎರಡು ನಂಬರ್ ಬಾಯಿಪಾಠ ಆಗಿರುತ್ತೆ.

ಅಂದರ್-ಬಾಹರ್ ಎಲ್ಲರಿಗೂ ಅರ್ಥ ಆಗೋ ಆಟ, ಅದಕ್ಕೇ ಜಾತ್ರೆ, ದೀಪಾವಳಿ, ಯುಗಾದಿ ಅಂದ್ರೆ ಇದು ಇದ್ದದ್ದೇ. ಒಂದು ಎಲೆ ಎತ್ತಿ ಮೇಲೆ ಮಾಡಿ ಇಡೋದು. ಅದು ಜೋಕರ್. ಆಮೇಲೆ ಒಳಗೊಂದು, ಹೊರಗೊಂದು ಅಂತ ಎಲೆ ಹಾಕ್ತಾ ಹೋಗೋದು. ಜೋಕರ್‌ನ ಜೋಡಿ ಯಾವ ಕಡೆ ಬೀಳುತ್ತೋ ಆ ಕಡೆ ಗೆಲುವು. ಅರ್ಧಕ್ಕರ್ಧ ಅನ್ಸುತ್ತೆ. ಅಲ್ಲ. ಮೊದಲ ಎಲೆ ಯಾವ ಕಡೆ ಬೀಳುತ್ತೋ ಆ ಕಡೆಗೆ ಸುಮಾರು ನೂರಕ್ಕೆ 51.5 ಗೆಲುವಿನ ಸಾಧ್ಯತೆ. ಆನ್‌ಲೈನ್‌ನಲ್ಲಿ ಆ ಕಡೆ ಗೆದ್ರೆ ಪೂರ್ತಿ ಒಂದಕ್ಕೊಂದು ಕೊಡದೆ ಸ್ವಲ್ಪ ಕಡಿಮೆ ಕೊಡೋದು ಇದಕ್ಕೇ. ಅದು ಪುಣ್ಯವಶಾತ್ ಆಗಿದ್ದಲ್ಲ, ಲೆಕ್ಕ ಹಾಕಿ ಇಟ್ಟಿದ್ದು.

ಪೊಲೀಸರ ಭಾಷೆಯಲ್ಲಿ ಒಂದು ಒಳ್ಳೇ ಗುಣ ಇದೆ. ಅಲ್ಲಿ ದುಡ್ಡು ಯಾವಾಗಲೂ ಪೂರ್ತಿ ಇರುತ್ತೆ: "ನಗದು 4,320 ರೂಪಾಯಿ." ಕೊನೇ 20 ರೂಪಾಯಿನೂ ಬಿಡಲ್ಲ. ಆಡೋರ ಭಾಷೆಯಲ್ಲಿ ಹೀಗೆ ಪೂರ್ತಿ ಸಂಖ್ಯೆ ಹೇಳೋದನ್ನ ನಾನು ಒಮ್ಮೆಯೂ ಕೇಳಿಲ್ಲ.

ಭಾಗ 5/10

ಈಗ ಕ್ರಿಕೆಟ್. ಹಾಸ್ಟೆಲ್‌ನ ಮಾತೃಭಾಷೆ.

"ಭಾವ್" ಅಂದ್ರೆ ರೇಟು. ಅದು ಪೈಸೆಯಲ್ಲಿ ಇರುತ್ತೆ, ಒಂದು ರೂಪಾಯಿಗೆ ಇಷ್ಟು ಪೈಸೆ ಅಂತ. ಫೇವರಿಟ್ ತಂಡಕ್ಕೆ ಮಾತ್ರ ಭಾವ್ ಹೇಳ್ತಾರೆ. "ಆರ್‌ಸಿಬಿ 45-47" ಅಂದ್ರೆ ಆರ್‌ಸಿಬಿ ಫೇವರಿಟ್.

"ಲಗಾಯಿ": ಹಿಂದಿಯ ಲಗಾನಾ, ಹಚ್ಚೋದು. ಫೇವರಿಟ್ ಗೆಲ್ಲುತ್ತೆ ಅಂತ ಕಟ್ಟೋದು. 45ರಲ್ಲಿ 1000 ಲಗಾಯಿ ಮಾಡಿದ್ರೆ, ಗೆದ್ದಾಗ 450 ಬರುತ್ತೆ, ಸೋತಾಗ 1000 ಹೋಗುತ್ತೆ.

"ಖಾಯಿ": ಖಾನಾ, ತಿನ್ನೋದು. ಫೇವರಿಟ್ ಸೋಲುತ್ತೆ ಅಂತ ಕಟ್ಟೋದು. 47ರಲ್ಲಿ 1000 ಖಾಯಿ ಮಾಡಿದ್ರೆ, ಫೇವರಿಟ್ ಸೋತಾಗ 1000 ಬರುತ್ತೆ, ಗೆದ್ದಾಗ 470 ಹೋಗುತ್ತೆ.

ಈಗ ಬುಕ್ಕಿ ಜಾಗದಲ್ಲಿ ನಿಂತು ನೋಡಿ. ಒಬ್ಬ ಲಗಾಯಿ, ಒಬ್ಬ ಖಾಯಿ, ಇಬ್ಬರದೂ 1000. ಆರ್‌ಸಿಬಿ ಸೋತ್ರೆ ಒಬ್ಬನಿಂದ 1000 ತಗೊಂಡು ಇನ್ನೊಬ್ಬನಿಗೆ ಕೊಡ್ತಾನೆ, ಸೊನ್ನೆ. ಆರ್‌ಸಿಬಿ ಗೆದ್ರೆ ಒಬ್ಬನಿಂದ 470 ತಗೊಂಡು ಇನ್ನೊಬ್ಬನಿಗೆ 450 ಕೊಡ್ತಾನೆ. 20 ರೂಪಾಯಿ ಜೇಬಿಗೆ. ಅಂದ್ರೆ ಅವನಿಗೆ ಎರಡೇ ಗತಿ: ಲಾಭ, ಇಲ್ಲಾಂದ್ರೆ ಸಮ. ಎರಡೂ ಕಡೆ ಹೀಗೆ ಸರಿ ತೂಗೋ ಹಾಗೆ ಬರೆದಿಟ್ಟ ಲೆಕ್ಕದ ಪುಸ್ತಕಕ್ಕೇ "ಬುಕ್" ಅನ್ನೋದು. ಅದನ್ನ ಬರೆಯೋನೇ ಬುಕ್ಕಿ. ಅವನು ಮ್ಯಾಚ್ ನೋಡೋದಕ್ಕಿಂತ ಹೆಚ್ಚು ತನ್ನ ಪುಸ್ತಕ ನೋಡ್ತಾನೆ.

"ಪಂಟರ್" ಅಂದ್ರೆ ಯಾರು? ದುಡ್ಡು ಕಟ್ಟೋನು. ನಮ್ಮ ಕಡೆ "ಪಂಟ" ಅಂದ್ರೆ ಗಟ್ಟಿಗ, ಆ ಕೆಲಸದಲ್ಲಿ ಪಳಗಿದೋನು. "ಅಂವ ದೊಡ್ಡ ಪಂಟ ಬಿಡಪಾ" ಅಂತೀವಲ್ಲ, ಅದು. ಎರಡು ಪದ ಕಿವಿಗೆ ಒಂದೇ ಥರ ಕೇಳಿಸ್ತವೆ. ಯಾರಾದ್ರೂ ಪಂಟರ್ ಅಂತ ಕರೆದ್ರೆ ಹುಡುಗರ ಎದೆ ಉಬ್ಬುತ್ತೆ. ಆದ್ರೆ ಬುಕ್ಕಿಯ ಪುಸ್ತಕದಲ್ಲಿ ಪಂಟರ್ ಅಂದ್ರೆ ಗಿರಾಕಿ, ಅಷ್ಟೇ.

ಭಾಗ 6/10

"ಸೆಷನ್" ಅಂದ್ರೆ ನಿಮಗೆ ಗೊತ್ತಿರೋದು ಟೆಸ್ಟ್ ಮ್ಯಾಚಿನ ಲಂಚ್‌ಗೆ ಮುಂಚೆ, ಟೀಗೆ ಮುಂಚೆ. ಇಲ್ಲಿ ಅದಲ್ಲ. ಆರು ಓವರ್‌ಗೆ ಎಷ್ಟು ರನ್, ಹತ್ತು ಓವರ್‌ಗೆ ಎಷ್ಟು ರನ್ ಅನ್ನೋ ಬಾಜಿ.

"ಆರ್ ಓವರ್ 48-50." 50 ಅಥವಾ ಮೇಲೆ ಆಗುತ್ತೆ ಅನ್ನೋನು "ಯೆಸ್", 48 ಆಗಲ್ಲ ಅನ್ನೋನು "ನಾಟ್". ಸರಿ, 48 ಅಥವಾ 49 ಆದ್ರೆ? ಯೆಸ್ ಅಂದೋನೂ ಸೋತ, ನಾಟ್ ಅಂದೋನೂ ಸೋತ. ಇಬ್ಬರ ದುಡ್ಡೂ ಬುಕ್ಕಿಗೆ. ಇಬ್ಬರೂ ಸೋಲೋ ಜಾಗ ಅಂತ ಒಂದನ್ನ ಆಟದ ಮಧ್ಯದಲ್ಲೇ ಕಟ್ಟಿಟ್ಟಿದ್ದಾರೆ.

ಸೆಷನ್ ಯಾಕೆ ಅಪಾಯ ಅಂದ್ರೆ ಅದು ಬೇಗ ಮುಗಿಯುತ್ತೆ. ಮ್ಯಾಚ್ ಮೇಲೆ ಕಟ್ಟಿದ್ರೆ ಮೂರೂವರೆ ತಾಸು ಕಾಯಬೇಕು. ಸೆಷನ್ ಅರ್ಧ ತಾಸಲ್ಲಿ ಮುಗಿಯುತ್ತೆ, ತಕ್ಷಣ ಇನ್ನೊಂದು ಶುರು. ಫೋನಲ್ಲಿ ಅದು ಒಂದು ಓವರ್‌ಗೆ, ಒಂದು ಬಾಲ್‌ಗೆ ಇಳಿದಿದೆ. ಸೋತ ಬೇಜಾರು ಆರೋಕೆ ಮುಂಚೆನೇ ಮುಂದಿನ ಬಾಜಿ ಕಣ್ಣ ಮುಂದೆ.

ಇನ್ನೊಂದು ಪದ, "ಫಿಕ್ಸ್ ರಿಪೋರ್ಟ್". ಟೆಲಿಗ್ರಾಮ್ ಗ್ರೂಪಲ್ಲಿ ಒಬ್ಬ "ಟಿಪ್ಪರ್" ಸತತ ನಾಲ್ಕು ಮ್ಯಾಚ್ ಸರಿಯಾಗಿ ಹೇಳಿದ, ಐದನೇದಕ್ಕೆ ದುಡ್ಡು ಕೇಳ್ತಿದ್ದಾನೆ. ನಂಬಬಹುದಾ? ಲೆಕ್ಕ ನೋಡಿ. 1600 ಜನಕ್ಕೆ ಮೆಸೇಜ್ ಹಾಕ್ತಾನೆ. 800 ಜನಕ್ಕೆ ಈ ತಂಡ, ಉಳಿದ 800ಕ್ಕೆ ಆ ತಂಡ. ತಪ್ಪಾದ ಅರ್ಧ ಬಿಟ್ಟು ಉಳಿದ 800ರಲ್ಲಿ ಮತ್ತೆ ಅರ್ಧರ್ಧ. ಆಮೇಲೆ 400, ಆಮೇಲೆ 200, ನಾಲ್ಕನೇ ಮ್ಯಾಚ್ ಮುಗಿದಾಗ 100. ಆ 100 ಜನರ ಪಾಲಿಗೆ ಅವನು ದೇವರು. ಅವನಿಗೆ ಕ್ರಿಕೆಟ್ ಗೊತ್ತಿರಬೇಕಾಗಿಲ್ಲ, ಎರಡರಿಂದ ಭಾಗಿಸೋಕೆ ಬಂದ್ರೆ ಸಾಕು.

ಫಿಕ್ಸಿಂಗ್ ನಡೆದೇ ಇಲ್ಲ ಅಂತ ನಾನು ಹೇಳ್ತಿಲ್ಲ. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಫೋನ್ ಮಾತು ಕದ್ದಾಲಿಸಿ ಬಯಲಿಗೆ ತಂದ ಪ್ರಕರಣದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆಗೆ ಆಜೀವ ನಿಷೇಧ ಆಯ್ತು. ಆದ್ರೆ ಅಂಥ ಗುಟ್ಟು ನಿಜವಾಗ್ಲೂ ಕೈಯಲ್ಲಿರೋನು ಅದನ್ನ 499 ರೂಪಾಯಿಗೆ ಹಾಸ್ಟೆಲ್ ಹುಡುಗನಿಗೆ ಯಾಕೆ ಮಾರ್ತಾನೆ, ನೀವೇ ಹೇಳಿ.

ಭಾಗ 7/10
(ಫೋಟೋ: ನಮ್ಮ ಮನೆಯ ತಗಡಿನ ಪೆಟ್ಟಿಗೆ)

ದುಡ್ಡಿನ ಹೆಸರುಗಳು.

ಪೇಟಿ = ಒಂದು ಲಕ್ಷ. ಖೋಖಾ = ಒಂದು ಕೋಟಿ. ಎರಡೂ ಬಾಂಬೆ ಮಾತು, ಎರಡರ ಅರ್ಥನೂ ಪೆಟ್ಟಿಗೆ. ಸಿನಿಮಾದಲ್ಲಿ ಕೇಳಿ ನಮಗೂ ರೂಢಿ ಆಗಿದೆ.

ಐಡಿ = ಬೆಟ್ಟಿಂಗ್ ಸೈಟಿನ ಯೂಸರ್ ನೇಮ್, ಪಾಸ್‌ವರ್ಡ್. ಒಬ್ಬ ಏಜೆಂಟ್ ವಾಟ್ಸಾಪಲ್ಲಿ ಕೊಡ್ತಾನೆ.

ಪಾಯಿಂಟ್, ಕಾಯಿನ್ = ನಿಮ್ಮ ದುಡ್ಡು, ಅವರ ಕೈಗೆ ಹೋದ ಮೇಲೆ.

ಮೈನಸ್, ಡೌನ್ = ಸೋತಿದ್ದು, ಅಥವಾ ಸಾಲ. ಯಾವುದು ಅಂತ ಅವರೇ ಬಿಡಿಸಿ ಹೇಳಲ್ಲ.

ರಿಕವರಿ = ಸೋತ ದುಡ್ಡು ವಾಪಸ್ ತರೋಕೆ ಮತ್ತೆ ಕಟ್ಟೋದು. ಆಸ್ಪತ್ರೆಯಲ್ಲಿ ರಿಕವರಿ ಅಂದ್ರೆ ಹುಷಾರಾಗೋದು. ಇಲ್ಲಿ ಜ್ವರ ಇನ್ನೂ ಏರ್ತಾ ಇದೆ ಅಂತ.

ಕೊನೇದು, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ: "ಅಕೌಂಟ್ ಬಾಡಿಗೆ". "ನಿನ್ನ ಬ್ಯಾಂಕ್ ಅಕೌಂಟ್, ಎಟಿಎಂ ಕಾರ್ಡು, ಸಿಮ್ ಕೊಡು ಸಾಕು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಮೆಸೇಜ್ ಬರುತ್ತೆ. ಬೇರೆಯವರು ಸೋತ ದುಡ್ಡು ನಿಮ್ಮ ಹೆಸರಿನ ಅಕೌಂಟ್ ಮೂಲಕ ಹರಿಯುತ್ತೆ. ಬ್ಯಾಂಕಿನವರು, ಪೊಲೀಸರು ಇದಕ್ಕೆ ಮ್ಯೂಲ್ ಅಕೌಂಟ್ ಅಂತಾರೆ. ಮ್ಯೂಲ್ ಅಂದ್ರೆ ಹೇಸರಗತ್ತೆ, ಹೊರೆ ಹೊರೋ ಪ್ರಾಣಿ. ನಾಳೆ ಪೊಲೀಸರು ಬಂದಾಗ ಅವರ ಕಣ್ಣಿಗೆ ಮೊದಲು ಬೀಳೋ ಹೆಸರು ನಿಮ್ಮದು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಒಂದೊಂದು ಪದಾನೂ ಒಂದೇ ಕೆಲಸ ಮಾಡ್ತಿದೆ, ದೊಡ್ಡದನ್ನ ಚಿಕ್ಕದು ಮಾಡೋದು. ಒಂದು ಲಕ್ಷ ಅನ್ನೋಕೆ ನಾಲಿಗೆ ತಡವರಿಸುತ್ತೆ. ಒಂದು ಪೇಟಿ ಅನ್ನೋಕೆ ಏನೂ ಆಗಲ್ಲ.

ಭಾಗ 8/10

ನಾನು ಹೇಳ್ತೀನಿ ಅಂದಿದ್ದ ಕಾರಣ.

ನಮ್ಮ ಬ್ಯಾಚಿನ ಒಬ್ಬ ಈ ಸೆಮಿಸ್ಟರ್ ಪರೀಕ್ಷೆ ಬರೀಲಿಲ್ಲ. ಹೆಸರು ಹೇಳಲ್ಲ, ಊರೂ ಹೇಳಲ್ಲ. ಗೊತ್ತಿರೋರು ಕಾಮೆಂಟಲ್ಲಿ ಹಾಕಬೇಡಿ, ಹಾಕಿದ್ರೆ ಡಿಲೀಟ್ ಮಾಡ್ತೀನಿ. ಇದನ್ನ ಬರೀತೀನಿ ಅಂತ ಅವನಿಗೆ ಹೇಳಿದ್ದೀನಿ. ಅವನು "ಬರಿ, ಆದ್ರ ಪಾಪ ಪಾಪ ಅಂತ ಬರೀಬ್ಯಾಡ" ಅಂದ. ಬರೆಯಲ್ಲ.

ಅವನು ನಮ್ಮ ಹತ್ರ ಯಾವತ್ತೂ ಮುಚ್ಚಿಟ್ಟಿರಲಿಲ್ಲ, ಅದೇ ಇಲ್ಲಿ ವಿಚಿತ್ರ. ಕ್ಯಾಂಟೀನಲ್ಲಿ ಕೂತು ಎಲ್ಲರ ಮುಂದೆನೇ ಹೇಳೋನು: "ಎರಡ್ ಪೇಟಿ ಡೌನ್ ಅದೀನಿ ಲೇ." ನಗ್ತಾನೇ ಹೇಳೋನು. ಕೇಳಿದೋರೂ ನಗೋರು. ಆ ಮಾತು ಹಂಗೇ ಇತ್ತು, ಸಿನಿಮಾ ಡೈಲಾಗ್ ಥರ.

ಅವನ ಅವ್ವ ಕಾಲೇಜಿಗೆ ಬಂದಿದ್ರು, ಫೀ ಕಟ್ಟಿಲ್ಲ ಅಂತ ಆಫೀಸಿಂದ ಫೋನ್ ಹೋಗಿತ್ತು. ಕಾರಿಡಾರಲ್ಲಿ ನಾನು, ಇನ್ನೊಬ್ಬಳು ಗೆಳತಿ ಅವರ ಜತೆ ನಿಂತಿದ್ವಿ. ಅವನು ತಲೆ ತಗ್ಗಿಸಿ ಅದೇ ಮಾತು ಹೇಳಿದ: "ಎರಡ್ ಪೇಟಿ ಹೋಗ್ಯಾವಬೇ."

ಅವರಿಗೆ ಅರ್ಥ ಆಗ್ಲಿಲ್ಲ. "ಯಾವ್ ಪೆಟಗಿ? ಟ್ರಂಕ್ ಏನು? ಹಾಸ್ಟೆಲ್‌ದಾಗ ಕಳುವಾತೇನು?"

ಅವನು ಬಾಯಿ ಬಿಡ್ಲಿಲ್ಲ. ಹೇಳಬೇಕಾದ ಪದ ಅವನ ನಾಲಿಗೆಗೆ ಬರ್ತಾನೇ ಇಲ್ಲ. ಕೊನೆಗೆ ಬಹಳ ಹೊತ್ತಾದ ಮೇಲೆ, "ಎರಡ್ ಲಕ್ಷ" ಅಂದ. ಹೇಳಿದವನೇ ಗೋಡೆ ಹಿಡಿದು ಕೂತ. ಅಷ್ಟು ದಿನ ಅವನು ಆ ಸಂಖ್ಯೆಯನ್ನ ಕನ್ನಡದಲ್ಲಿ ತನ್ನ ಕಿವಿಯಿಂದಲೇ ಕೇಳಿರಲಿಲ್ಲ ಅಂತ ನನಗೆ ಅನ್ಸುತ್ತೆ.

ಅವರ ಅವ್ವ ಬೈಲಿಲ್ಲ. ನಿಂತಲ್ಲೇ ಲೆಕ್ಕ ಹಾಕಿದ್ರು. ಅವರದು ಮಳೆ ನಂಬಿದ ಹತ್ತಿ ಹೊಲ. ಕ್ವಿಂಟಲ್‌ಗೆ ಏಳೂವರೆ ಸಾವಿರ ಸಿಕ್ರೂ ಎರಡು ಲಕ್ಷ ಅಂದ್ರೆ 27 ಕ್ವಿಂಟಲ್ ಹತ್ತಿರ. ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದ್ರೆ ದೊಡ್ಡದು. "ಆರ್ ಎಕರೆದ್ದು ಒಂದ್ ವರ್ಷದ ಬೆಳಿ" ಅಂದ್ರು ಅವ್ವ. "ಬೀಜ, ಗೊಬ್ಬರ, ಎಣ್ಣಿ ಹೊಡದಿದ್ದು, ಬಿಡಿಸಿದ ಆಳಿನ ಪಗಾರ ಎಲ್ಲಾ ಬ್ಯಾರೆ."

ಪೇಟಿ ಅನ್ನೋ ಪದ ಆರು ಎಕರೆ ಹೊಲವನ್ನ ಮುಚ್ಚಿಟ್ಟಿತ್ತು.

ಭಾಗ 9/10

ಇದನ್ನೆಲ್ಲ ಓದಿ "ಹಿಂದಿ, ಇಂಗ್ಲಿಷ್ ಪದ ಬಂದು ನಮ್ಮ ಹುಡುಗರು ಕೆಟ್ರು" ಅಂತ ಯಾರೂ ಅನ್ನಬೇಡಿ. ನಮ್ಮ ಭಾಷೆಗೂ ಜೂಜು ಹೊಸದಲ್ಲ.

"ಹಣ" ಅನ್ನೋ ಪದ ನೋಡಿ. ಪಾಲು ಹಾಲಾದ ಹಾಗೆ, ಪಕಾರ ಹಕಾರವಾಗಿ ಪಣ ಹಣವಾಯ್ತು, ಮೊದಲ ವರ್ಷದಲ್ಲೇ ಓದಿದ್ದೀವಿ. ಪಣ ಅಂದ್ರೆ ನಾಣ್ಯ, ಹಾಗೇ ಬಾಜಿಗೆ ಇಟ್ಟದ್ದು ಅಂತಲೂ ಅರ್ಥ. "ಪಣಕ್ಕಿಟ್ಟ" ಅಂತ ಇವತ್ತಿಗೂ ಅಂತೀವಿ. ನಮ್ಮ ಜೇಬಲ್ಲಿರೋ ಹಣಕ್ಕೂ ಜೂಜಿನ ಪಣಕ್ಕೂ ಮೂಲ ಒಂದೇ ಪದ.

ಇನ್ನೂ ಹಿಂದೆ ಹೋದ್ರೆ ಯುಗಗಳ ಹೆಸರು. ಕೃತ, ತ್ರೇತಾ, ದ್ವಾಪರ, ಕಲಿ. ಇವು ಮೊದಲು ದಾಳದ ಆಟದ ಪದಗಳು. ವೇದಕಾಲದಲ್ಲಿ ತಾರೆಕಾಯಿಗಳನ್ನ ಎಸೆದು ಆಡ್ತಿದ್ರು. ನಾಲ್ಕರಿಂದ ಭಾಗ ಆದ್ರೆ ಕೃತ, ಅದೇ ಒಳ್ಳೇ ಗರ. ಮೂರು ಉಳಿದ್ರೆ ತ್ರೇತಾ, ಎರಡು ಉಳಿದ್ರೆ ದ್ವಾಪರ, ಒಂದೇ ಒಂದು ಉಳಿದ್ರೆ ಕಲಿ. ಕಲಿ ಬಿತ್ತು ಅಂದ್ರೆ ಸೋತ ಅಂತ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಪೂರ್ತಿ ಒಬ್ಬ ಜೂಜುಕೋರನ ಗೋಳು: ಹೆಂಡತಿ ದೂರ ಆಗಿದ್ದಾಳೆ, ಸಾಲ ಆಗಿದೆ, ಆದ್ರೂ ಕಾಯಿ ಉರುಳೋ ಸದ್ದು ಕೇಳಿದ್ರೆ ಕಾಲು ನಿಲ್ಲಲ್ಲ. ನೋಟಿಫಿಕೇಶನ್ ಸದ್ದು ಅಂತ ಬದಲಾಯಿಸಿ ಓದಿದ್ರೆ ಇವತ್ತಿಂದೇ.

ನಳನ ಕತೆಯಲ್ಲಿ ಈ ಪದಗಳೇ ಪಾತ್ರ ಆಗಿಬಿಡ್ತವೆ. ಕಲಿ ನಳನನ್ನ ಹೊಗ್ತಾನೆ, ದ್ವಾಪರ ದಾಳದೊಳಗೆ ಸೇರ್ಕೋತಾನೆ, ನಳ ರಾಜ್ಯ ಸೋಲ್ತಾನೆ. ಈ ಕತೆಯನ್ನ ಕನ್ನಡದಲ್ಲಿ "ನಳಚರಿತ್ರೆ" ಅಂತ ಬರೆದಿದ್ದು ಕನಕದಾಸರು, ನಮ್ಮ ಹಾವೇರಿ ಜಿಲ್ಲೆಯ ಬಾಡದೋರು.

ಆ ಹಳೇ ಪದಗಳಿಗೂ ಇವತ್ತಿನ ಪದಗಳಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಳೇ ಆಟದಲ್ಲಿ ಸೋಲಿಗೂ ಒಂದು ಹೆಸರಿತ್ತು, ಕಲಿ. ಅದು ಎಷ್ಟು ಭಯದ ಹೆಸರು ಅಂದ್ರೆ, ಕೆಟ್ಟ ಕಾಲಕ್ಕೇ ಆ ಹೆಸರಿಟ್ರು. ಇವತ್ತಿನ ಪದಕೋಶದಲ್ಲಿ ಹುಡುಕಿ: ಡೌನ್, ಮೈನಸ್, ಕವರ್, ರಿಕವರಿ. ಸೋಲಿಗೆ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ಹೆದರೋದು ಹೆಂಗೆ? ಅದನ್ನ ಮನೇಲಿ ಹೇಳೋದಾದ್ರೂ ಹೆಂಗೆ?

ಭಾಗ 10/10

ಕೊನೇ ಭಾಗ, ಕೆಲಸದ ಮಾತು.

ಒಂದು. ನಿಮಗೆ "ಸ್ಟೋರಿಗೆ ಈ ಲಿಂಕ್ ಹಾಕಿ, ದುಡ್ಡು ಕೊಡ್ತೀವಿ" ಅಂತ ಡಿಎಂ ಬರುತ್ತೆ. ಸಾವಿರ ಫಾಲೋವರ್ಸ್ ಇದ್ರೂ ಬರುತ್ತೆ, ನನಗೂ ಬಂದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿದೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲದ್ದಾದ್ರೂ ಅದೃಷ್ಟದ್ದಾದ್ರೂ ನಡೆಸೋ ಹಾಗಿಲ್ಲ. ನಡೆಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡೋರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ನಿಮ್ಮ ಸ್ಟೋರಿನೂ ಜಾಹೀರಾತೇ. ಅವರ ಭಾಷೆಯಲ್ಲೇ ಹೇಳ್ತೀನಿ: 50 ಪೇಟಿ.

ಎರಡು. ಯಾರಾದ್ರೂ ಗೆಳೆಯ, ಗೆಳತಿ ಆಡ್ತಿದ್ದಾರೆ ಅಂತ ಗೊತ್ತಾದ್ರೆ ಉಪದೇಶ ಬೇಡ. ಅವರಿಗೆ ಅದು ಬಾಯಿಪಾಠ. ಒಂದೇ ಪ್ರಶ್ನೆ ಕೇಳಿ: "ಎಷ್ಟು ರೂಪಾಯಿ ಹೋಗಿದೆ?" ಪೇಟಿ ಬೇಡ, ಪಾಯಿಂಟ್ ಬೇಡ, "ಹತ್ತು, ಹದಿನೈದು" ಬೇಡ. ಪೂರ್ತಿ ಸಂಖ್ಯೆ, ಪೊಲೀಸ್ ಪಂಚನಾಮೆಯಲ್ಲಿ ಬರೆದ ಹಾಗೆ, ಕೊನೇ ಇಪ್ಪತ್ತು ರೂಪಾಯಿವರೆಗೆ. ಆಮೇಲೆ ಯಾರ ಹತ್ರ ಸಾಲ ಇದೆ, ಎಷ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆಸಿ. ಜತೆಗೆ ಕೂತು ಬರೆಸಿ. ಆ ಹಾಳೆ ಹಿಡ್ಕೊಂಡು ಮನೆಗೆ ಫೋನ್ ಮಾಡೋದು ಸ್ವಲ್ಪ ಸುಲಭ ಆಗುತ್ತೆ.

ಮೂರು. ರಿಕವರಿಗೆ ಸಾಲ ಕೊಡಬೇಡಿ. ಊಟಕ್ಕೆ ಕರ್ಕೊಂಡು ಹೋಗಿ, ಪರೀಕ್ಷೆ ಫೀ ನೀವೇ ಆಫೀಸಲ್ಲಿ ಕಟ್ಟಿ ಬನ್ನಿ, ಕೈಗೆ ಮಾತ್ರ ದುಡ್ಡು ಕೊಡಬೇಡಿ.

ನಾಲ್ಕು. ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ಸುತ್ತೆ ಅನ್ನೋ ಮಾತು ಬಂದ್ರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ್ಲೂ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಐಡಿ ಹೆಸರಲ್ಲಿ, ಟಿಪ್ಸ್ ಹೆಸರಲ್ಲಿ ಮೋಸ ಹೋಗಿದ್ರೆ ಸೈಬರ್ ಸಹಾಯವಾಣಿ 1930. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ನಮ್ಮ ಗೆಳೆಯ ಮುಂದಿನ ಸೆಮಿಸ್ಟರ್‌ಗೆ ವಾಪಸ್ ಬರ್ತಾನೆ. ಈಗ ಹೊಲದಲ್ಲಿ ಹತ್ತಿ ಬಿಡಿಸ್ತಿದ್ದಾನೆ. ಮೊನ್ನೆ ಮೆಸೇಜ್ ಹಾಕಿದ್ದ: "ಇವತ್ತ 38 ಕೆ.ಜಿ. ಬಿಡಿಸೇನಿ." ಸಂಖ್ಯೆ ಪೂರ್ತಿ ಇತ್ತು.

ನಿಮ್ಮ ಕಡೆ ಈ ಪದಗಳಿಗೆ ಬೇರೆ ಹೆಸರಿದ್ರೆ ಕಾಮೆಂಟಲ್ಲಿ ಹಾಕಿ. ಮಂಗಳೂರು, ಕಲಬುರಗಿ, ಮಂಡ್ಯ ಕಡೆಯೋರು ವಿಶೇಷವಾಗಿ. ಪದದ ಪಕ್ಕ ಅದರ ನಿಜವಾದ ಅರ್ಥಾನೂ ಬರೀರಿ, ಅವ್ವನಿಗೂ ಅರ್ಥ ಆಗೋ ಕನ್ನಡದಲ್ಲಿ.

#ಪದಹಿಡಿದು #ಜೂಜಿನಪದಕೋಶ #ಎಷ್ಟುರೂಪಾಯಿಹೋಗಿದೆ